ತೂಕ ಕಡಿಮೆ ಇರುವವರು ಆರೋಗ್ಯವಾಗಿ ಮೈ ತುಂಬಿಕೊಳ್ಳುವುದು ಹೇಗೆ?

ಹೆಚ್ಚು ತೂಕದಿಂದಾಗುವ ತೊಂದರೆಗಳ ಬಗ್ಗೆ ಈಗ ಎಲ್ಲೆಡೆ ಮಾತು ಕೇಳಿಬರುತ್ತದೆ. ಕಡಿಮೆ ತೂಕದ ಬಗ್ಗೆ ಅಷ್ಟು ಮಾತಿಲ್ಲ. ಆದರೆ 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 19 ಮಂದಿ, ಪುರುಷರಲ್ಲಿ ನೂರಕ್ಕೆ ಸುಮಾರು 16 ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದಾರೆ. ತೋಟದ ಕೆಲಸ, ಕಾಯಿ ಸುಲಿಯುವ ಕೆಲಸ, ನಾರಿನ ಕೆಲಸ ಮಾಡಿಕೊಂಡು ಹೊತ್ತಿಗೆ ಸರಿಯಾಗಿ ಉಣ್ಣದ ಅನೇಕರು ನಮ್ಮ ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲೂ ಇದ್ದಾರೆ.

ಇಂಥವರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: "ದಪ್ಪ ಆಗೋಕೆ ಒಂದು ಟಾನಿಕ್ ಬರೆದುಕೊಡಿ." ಟಾನಿಕ್‌ನಿಂದ ಮೈ ತುಂಬುವುದಿಲ್ಲ. ಮೊದಲು ತೂಕ ಏಕೆ ಕಡಿಮೆ ಇದೆ ಎಂದು ತಿಳಿಯಬೇಕು. ಕಾಯಿಲೆ ಇದ್ದರೆ ಅದಕ್ಕೆ ಚಿಕಿತ್ಸೆಯಾಗಬೇಕು. ಆಮೇಲೆ ಮನೆಯಲ್ಲಿ ಸಿಗುವ ಆಹಾರವನ್ನೇ ಸ್ವಲ್ಪ ಹೆಚ್ಚಾಗಿ, ಹೊತ್ತುಹೊತ್ತಿಗೆ ತಿನ್ನಬೇಕು. ಈ ಕ್ರಮವನ್ನು ಕೆಳಗೆ ವಿವರಿಸಲಾಗಿದೆ.

ನನ್ನ ತೂಕ ಕಡಿಮೆಯೇ? ತಿಳಿಯುವುದು ಹೇಗೆ?

ನೋಡಲು ಸಣ್ಣಗಿರುವವರೆಲ್ಲ ಕಡಿಮೆ ತೂಕದವರಲ್ಲ. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂಬುದು ಮುಖ್ಯ. ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಇದನ್ನು ದೇಹ ತೂಕ ಸೂಚ್ಯಂಕ ಎನ್ನುತ್ತಾರೆ. ವಯಸ್ಕರಲ್ಲಿ ಇದು 18.5ಕ್ಕಿಂತ ಕಡಿಮೆ ಇದ್ದರೆ ತೂಕ ಕಡಿಮೆ ಎಂದರ್ಥ. 16ಕ್ಕಿಂತ ಕಡಿಮೆ ಇದ್ದರೆ ತೀವ್ರವಾಗಿ ಕಡಿಮೆ ಎಂದರ್ಥ.

ಲೆಕ್ಕ ಮಾಡುವ ಶ್ರಮ ಬೇಡವೆನ್ನುವವರು ಈ ಪಟ್ಟಿಯನ್ನು ನೋಡಿಕೊಳ್ಳಬಹುದು.

ಎತ್ತರ 145 ಸೆಂ.ಮೀ. – ತೂಕ 39ರಿಂದ 48 ಕಿಲೋ
ಎತ್ತರ 150 ಸೆಂ.ಮೀ. – ತೂಕ 42ರಿಂದ 51 ಕಿಲೋ
ಎತ್ತರ 155 ಸೆಂ.ಮೀ. – ತೂಕ 45ರಿಂದ 55 ಕಿಲೋ
ಎತ್ತರ 160 ಸೆಂ.ಮೀ. – ತೂಕ 48ರಿಂದ 58 ಕಿಲೋ
ಎತ್ತರ 165 ಸೆಂ.ಮೀ. – ತೂಕ 51ರಿಂದ 62 ಕಿಲೋ
ಎತ್ತರ 170 ಸೆಂ.ಮೀ. – ತೂಕ 54ರಿಂದ 66 ಕಿಲೋ
ಎತ್ತರ 175 ಸೆಂ.ಮೀ. – ತೂಕ 57ರಿಂದ 70 ಕಿಲೋ

ನಿಮ್ಮ ತೂಕ ಮೊದಲ ಅಂಕಿಗಿಂತ ಕೆಳಗಿದ್ದರೆ ಈ ಲೇಖನ ನಿಮಗಾಗಿ. ಈ ಪಟ್ಟಿ 18 ವರ್ಷ ದಾಟಿದವರಿಗೆ ಮಾತ್ರ. ಮಕ್ಕಳ ತೂಕವನ್ನು ಅಂಗನವಾಡಿಯಲ್ಲಿರುವ ಬೆಳವಣಿಗೆಯ ಪಟ್ಟಿಯ ಪ್ರಕಾರವೇ ನೋಡಬೇಕು. ಗರ್ಭಿಣಿಯರಿಗೂ ಈ ಲೆಕ್ಕ ಹೊಂದುವುದಿಲ್ಲ.

ಕೆಲವರು ಹುಟ್ಟಿನಿಂದಲೇ ತೆಳು ಮೈಕಟ್ಟಿನವರು. ಅಪ್ಪನೂ ಹಾಗೆಯೇ, ಅಜ್ಜನೂ ಹಾಗೆಯೇ. ತೂಕ ಎಷ್ಟೋ ವರ್ಷಗಳಿಂದ ಒಂದೇ ಸಮನಾಗಿದ್ದು, ಹಸಿವು ನಿದ್ದೆ ಚೆನ್ನಾಗಿದ್ದು, ಆಯಾಸವಿಲ್ಲದೆ ಕೆಲಸ ಮಾಡುತ್ತಿದ್ದರೆ ಒಂದೆರಡು ಕಿಲೋ ಕಡಿಮೆ ಇದೆಯೆಂದು ಗಾಬರಿಯಾಗಬೇಕಿಲ್ಲ. ಇದ್ದ ತೂಕ ಇಳಿಯುತ್ತಾ ಬಂದರೆ ಮಾತ್ರ ಅದು ಬೇರೆ ವಿಷಯ.

ತೂಕ ಇಳಿಯುತ್ತಿದ್ದರೆ ಮೊದಲು ತಪಾಸಣೆ

ಬೇಕೆಂದು ಇಳಿಸದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಇಪ್ಪತ್ತರಲ್ಲಿ ಒಂದು ಪಾಲು ತೂಕ ಹೋಗಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋ ಇಳಿದಿದ್ದರೆ ತಡಮಾಡಬಾರದು. ತೂಕ ನೋಡಿಸುವ ಅಭ್ಯಾಸ ಇಲ್ಲದವರು ಬಟ್ಟೆಯಿಂದ ತಿಳಿಯಬಹುದು. ರವಿಕೆ ಸಡಿಲವಾಗುವುದು, ಬಳೆ ಮೊಣಕೈವರೆಗೆ ಜಾರುವುದು, ಬೆಲ್ಟಿಗೆ ಹೊಸ ತೂತು ಹಾಕಬೇಕಾಗುವುದು, ಇವೆಲ್ಲ ತೂಕ ಇಳಿದ ಗುರುತುಗಳೇ.

ನಮ್ಮ ಕಡೆ ತೂಕ ಇಳಿಯಲು ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಇವು.

1. ಕ್ಷಯ: ಎರಡು ವಾರ ಮೀರಿದ ಕೆಮ್ಮು, ಸಂಜೆ ಹೊತ್ತು ಬರುವ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ಕಫದಲ್ಲಿ ರಕ್ತ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ.

2. ಸಕ್ಕರೆ ಕಾಯಿಲೆ: ಚೆನ್ನಾಗಿ ಉಂಡರೂ ಮೈ ಇಳಿಯುವುದು, ಬಾಯಾರಿಕೆ, ಪದೇಪದೇ ಮೂತ್ರ. ಸಕ್ಕರೆ ಕಾಯಿಲೆ ದಪ್ಪಗಿರುವವರಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ.

3. ಥೈರಾಯ್ಡ್ ಗ್ರಂಥಿ ಹೆಚ್ಚು ಕೆಲಸ ಮಾಡುವುದು: ಎದೆ ಬಡಿತ ಜೋರಾಗುವುದು, ಕೈ ನಡುಗುವುದು, ಸೆಕೆ ತಡೆಯಲಾಗದಿರುವುದು.

4. ಹೊಟ್ಟೆಯ ತೊಂದರೆಗಳು: ಜಂತುಹುಳು, ಹುಣ್ಣು, ನಿಲ್ಲದ ಭೇದಿ. ನುಂಗುವಾಗ ಸಿಕ್ಕಿಕೊಂಡಂತಾದರೆ ಅಥವಾ ಮಲ ಕಪ್ಪಾಗಿ ಹೋದರೆ ಒಂದು ದಿನವೂ ಕಾಯಬಾರದು.

5. ಹಲ್ಲು: ವಯಸ್ಸಾದವರಲ್ಲಿ ಇದೇ ದೊಡ್ಡ ಕಾರಣ. ಅಗಿಯಲು ಆಗದೆ ಮುದ್ದೆ, ತಿಳಿಸಾರಿನಲ್ಲೇ ದಿನ ಕಳೆಯುತ್ತಾರೆ.

6. ಬೀಡಿ, ಹೊಗೆಸೊಪ್ಪು, ಮದ್ಯ: ಇವು ಹಸಿವನ್ನು ಕೊಲ್ಲುತ್ತವೆ. ಊಟಕ್ಕೆ ಹೋಗಬೇಕಾದ ಹಣವನ್ನೂ ನುಂಗುತ್ತವೆ.

7. ಮನಸ್ಸಿನ ಚಿಂತೆ: ಸಾಲ, ಸಾವು, ಮನೆಯ ಕಲಹದಿಂದ ಮನಸ್ಸು ಕುಗ್ಗಿದಾಗ ಊಟ ರುಚಿಸುವುದಿಲ್ಲ. ಇದಕ್ಕೂ ಚಿಕಿತ್ಸೆ ಇದೆ. ಹೇಳಿಕೊಳ್ಳಲು ನಾಚಿಕೆ ಬೇಡ.

ಈ ಕಾಯಿಲೆಗಳನ್ನು ಒಳಗಿಟ್ಟುಕೊಂಡು ಎಷ್ಟು ತುಪ್ಪ ತಿಂದರೂ ಪ್ರಯೋಜನವಾಗದು. ವೈದ್ಯರು ಪರೀಕ್ಷೆಗಳನ್ನು ಹೇಳಿದಾಗ "ನನಗೇನೂ ಕಾಯಿಲೆ ಇಲ್ಲ, ಸಣ್ಣಗಿದ್ದೀನಿ ಅಷ್ಟೆ" ಎಂದು ತಪ್ಪಿಸಿಕೊಳ್ಳಬೇಡಿ.

ಕಡಿಮೆ ತೂಕದಿಂದ ಆಗುವ ಹಾನಿ ಏನು?

ತೂಕ ತೀರಾ ಕಡಿಮೆಯಾದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಗಾಯ ಬೇಗ ಮಾಯುವುದಿಲ್ಲ. ಮೂಳೆ ಸವೆಯುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗುತ್ತದೆ. ಕಡಿಮೆ ತೂಕದ ತಾಯಿಗೆ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು.

ಮನಸ್ಸಿಗೂ ಹಾನಿಯಿದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆರೋಗ್ಯವಂತರಾದ 36 ಯುವಕರು ತಾವಾಗಿಯೇ ಮುಂದೆ ಬಂದು ಆರು ತಿಂಗಳು ಅರೆಹೊಟ್ಟೆ ಊಟದಲ್ಲಿದ್ದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ಸುಸ್ತು, ಚಳಿ, ಸಿಡುಕು, ಮಂಕು ಆವರಿಸಿತು. ಅದು ಅವರ ಸ್ವಭಾವದ ದೋಷವಾಗಿರಲಿಲ್ಲ. ಹೊಟ್ಟೆಗೆ ಸಾಲದ್ದರ ಫಲವಾಗಿತ್ತು. ಆದ್ದರಿಂದ ಮನೆಯಲ್ಲಿ ಬಡಕಲಾಗಿರುವವರು ಕೆಲಸಕ್ಕೆ ಏಳದಿದ್ದರೆ, ಮಾತಿಗೆ ಮುಂಚೆ ರೇಗಿದರೆ, ಸೋಮಾರಿ ಎನ್ನುವ ಮೊದಲು ಅವರ ತಟ್ಟೆಯನ್ನು ನೋಡಿ.

ಕ್ಷಯದ ವಿಷಯದಲ್ಲಿ ತೂಕವೇ ಪ್ರಾಣದ ಪ್ರಶ್ನೆ

ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯೊಂದಿಗೆ ಸೇರಿ ಜಾರ್ಖಂಡ್ ರಾಜ್ಯದಲ್ಲಿ ಒಂದು ದೊಡ್ಡ ಅಧ್ಯಯನ ನಡೆಸಿದರು. ಅದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಲ್ಲಿ 2,800 ಕ್ಷಯ ರೋಗಿಗಳಿಗೆ ಔಷಧಿಯ ಜೊತೆಗೆ ಪ್ರತಿ ತಿಂಗಳೂ ಆಹಾರದ ಚೀಲವನ್ನು ಕೊಡಲಾಯಿತು. ರೋಗಿಗಳಲ್ಲಿ ಹೆಚ್ಚಿನವರು ಕಡಿಮೆ ತೂಕದವರೇ ಆಗಿದ್ದರು. ಮೊದಲ ಎರಡು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಏರಿದವರಲ್ಲಿ ಸಾವಿನ ಅಪಾಯ ನೂರಕ್ಕೆ ಸುಮಾರು 60ರಷ್ಟು ಕಡಿಮೆ ಇತ್ತು. 40 ಕಿಲೋ ಇರುವ ರೋಗಿಗೆ ಇದು ಕೇವಲ ಎರಡು ಕಿಲೋ.

ಅದೇ ಅಧ್ಯಯನದಲ್ಲಿ ರೋಗಿಯ ಮನೆಯವರಿಗೂ ಅಕ್ಕಿ, ಬೇಳೆ ಮತ್ತು ಜೀವಸತ್ವದ ಮಾತ್ರೆಗಳನ್ನು ಕೊಟ್ಟಾಗ ಅವರಿಗೆ ಕ್ಷಯ ತಗಲುವುದು ನೂರಕ್ಕೆ ಸುಮಾರು 40ರಷ್ಟು ತಗ್ಗಿತು. ಹೊಟ್ಟೆ ತುಂಬ ಉಣ್ಣುವುದು ಔಷಧಿಗೆ ಎಷ್ಟು ಬಲ ಕೊಡುತ್ತದೆಂಬುದು ಇದರಿಂದ ತಿಳಿಯುತ್ತದೆ.

ಕ್ಷಯ ರೋಗಿಗಳಿಗೆ ಆಹಾರಕ್ಕಾಗಿ ಕೇಂದ್ರ ಸರ್ಕಾರ 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಬರದಿದ್ದರೆ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಿ. ಈ ಹಣ ರೋಗಿಯ ಹಾಲು, ಕಾಳು, ಮೊಟ್ಟೆಗಳಿಗೇ ಖರ್ಚಾಗಲಿ.

ಎಷ್ಟು ಹೆಚ್ಚು ತಿನ್ನಬೇಕು?

ಈಗ ತಿನ್ನುತ್ತಿರುವುದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚು ತಿಂದರೆ ತಿಂಗಳಿಗೆ ಒಂದರಿಂದ ಎರಡು ಕಿಲೋ ತೂಕ ಏರುತ್ತದೆ. ಇದು ಸರಿಯಾದ ವೇಗ. ಹದಿನೈದು ದಿನದಲ್ಲಿ ಐದು ಕಿಲೋ ಏರಿಸುತ್ತೇವೆ ಎನ್ನುವವರ ಮಾತನ್ನು ನಂಬಬೇಡಿ.

500 ಕ್ಯಾಲೊರಿ ಎಂದರೆ ದೊಡ್ಡ ಊಟವೇನೂ ಅಲ್ಲ. ಸುಮಾರು ಲೆಕ್ಕ ಹೀಗಿದೆ.

ಹಾಲು ಒಂದು ಲೋಟ (200 ಮಿ.ಲೀ.) – 130 ಕ್ಯಾಲೊರಿ
ಕಡಲೆಬೀಜ ಒಂದು ಹಿಡಿ (30 ಗ್ರಾಂ) – 160 ಕ್ಯಾಲೊರಿ
ಕೊಬ್ಬರಿ ಒಂದು ಚೂರು (20 ಗ್ರಾಂ) – 125 ಕ್ಯಾಲೊರಿ
ಏಲಕ್ಕಿ ಬಾಳೆಹಣ್ಣು ಎರಡು – 100 ಕ್ಯಾಲೊರಿ
ಬೇಯಿಸಿದ ಕಾಳು ಒಂದು ಬಟ್ಟಲು (ಒಣಗಿದ ಕಾಳು 30 ಗ್ರಾಂ) – 100 ಕ್ಯಾಲೊರಿ
ಬೆಲ್ಲ ಒಂದು ಸಣ್ಣ ತುಂಡು (20 ಗ್ರಾಂ) – 75 ಕ್ಯಾಲೊರಿ
ಮೊಟ್ಟೆ ಒಂದು – 70 ಕ್ಯಾಲೊರಿ
ತುಪ್ಪ ಅಥವಾ ಎಣ್ಣೆ ಒಂದು ಸಣ್ಣ ಚಮಚ – 45 ಕ್ಯಾಲೊರಿ

ಒಂದು ಲೋಟ ಹಾಲು, ಒಂದು ಹಿಡಿ ಕಡಲೆಬೀಜ, ಎರಡು ಬಾಳೆಹಣ್ಣು, ಒಂದು ಬಟ್ಟಲು ಕಾಳು, ಇಷ್ಟು ಸೇರಿದರೆ 490 ಆಯಿತು.

ಕ್ಯಾಲೊರಿ ಮಾತ್ರ ಸಾಲದು. ಮಾಂಸಖಂಡ ಬೆಳೆಯಲು ಪ್ರೋಟೀನ್ ಬೇಕು. ನಿಮ್ಮ ತೂಕ ಎಷ್ಟು ಕಿಲೋ ಇದೆಯೋ ದಿನಕ್ಕೆ ಕನಿಷ್ಠ ಅಷ್ಟು ಗ್ರಾಂ ಪ್ರೋಟೀನ್ ಸಿಗುವಂತೆ ನೋಡಿಕೊಳ್ಳಿ. ಕಾಳು, ಬೇಳೆ, ಕಡಲೆಬೀಜ, ಹಾಲು, ಮೊಸರು ಇದನ್ನು ಒದಗಿಸುತ್ತವೆ. ಮೊಟ್ಟೆ, ಮಾಂಸ ತಿನ್ನುವವರಿಗೆ ಅವೂ ಒಳ್ಳೆಯವು. ತಿನ್ನದವರು ಚಿಂತಿಸಬೇಕಿಲ್ಲ. ದಿನಕ್ಕೆ ಎರಡು ಹೊತ್ತು ಕಾಳು ಅಥವಾ ಬೇಳೆ, ಎರಡು ಲೋಟ ಹಾಲು ಅಥವಾ ಮೊಸರು, ಒಂದು ಹಿಡಿ ಕಡಲೆಬೀಜ ಇದ್ದರೆ ಮುದ್ದೆ ಅನ್ನದ ಜೊತೆಗೆ ಸಾಕಾಗುತ್ತದೆ.

ನಮ್ಮ ಸೀಮೆಯ ಊಟದಲ್ಲೇ ಮಾಡಿಕೊಳ್ಳಬಹುದಾದ ಬದಲಾವಣೆ

ರಾಗಿ ಮುದ್ದೆ ಒಳ್ಳೆಯ ಆಹಾರ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿಯೂ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವೂ ಇವೆ. ಆದರೆ ಪ್ರೋಟೀನ್ ಇರುವುದು ಏಳು ಗ್ರಾಂ ಮಾತ್ರ. ಆದ್ದರಿಂದ ಮುದ್ದೆಯ ಜೊತೆ ಏನಿದೆ ಎಂಬುದು ಮುಖ್ಯ. ಬಸ್ಸಾರು ಮಾಡಿದಾಗ ತಿಳಿಯನ್ನು ಮಾತ್ರ ಬಡಿಸಿಕೊಂಡು ಕಾಳಿನ ಪಲ್ಯವನ್ನು ಬೇರೆಯವರಿಗೆ ಬಿಡಬೇಡಿ. ಬಲ ಇರುವುದು ಕಾಳಿನಲ್ಲಿ. ಹುರುಳಿ, ಅವರೆ, ಅಲಸಂದೆ, ಹೆಸರು, ಕಡಲೆ, ಯಾವುದಾದರೂ ಆಗುತ್ತದೆ. ಮೊಳಕೆ ಬರಿಸಿ ಬೇಯಿಸಿದರೆ ಜೀರ್ಣಕ್ಕೆ ಸುಲಭ.

ನೀರಾದ ಅಂಬಲಿ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಅಂಬಲಿ ಕುಡಿಯುವವರು ಅದನ್ನು ಗಟ್ಟಿಯಾಗಿ ಮಾಡಿ ಮೊಸರು ಅಥವಾ ಹಾಲು, ಬೆಲ್ಲ ಸೇರಿಸಿಕೊಳ್ಳಿ. ಊಟಕ್ಕೆ ಮುಂಚೆ ಹೊಟ್ಟೆ ತುಂಬ ನೀರು, ಮಜ್ಜಿಗೆ ಕುಡಿಯಬೇಡಿ. ಊಟವಾದ ಮೇಲೆ ಕುಡಿಯಿರಿ. ಬೆಳಿಗ್ಗೆ ಎದ್ದ ಕೂಡಲೇ ಒಂದು, ಹತ್ತು ಗಂಟೆಗೆ ಒಂದು, ಮಧ್ಯಾಹ್ನಕ್ಕೆ ಮುಂಚೆ ಒಂದು ಎಂದು ಟೀ ಕುಡಿದರೆ ಹಸಿವು ಸಾಯುತ್ತದೆ. ಊಟದ ಜೊತೆಗೆ ಕುಡಿದ ಟೀ, ಕಾಫಿ ಆಹಾರದಲ್ಲಿರುವ ಕಬ್ಬಿಣದ ಅಂಶವನ್ನೂ ಮೈಗೆ ಸೇರಗೊಡುವುದಿಲ್ಲ.

ಕಾಯಿ, ಕೊಬ್ಬರಿ, ಎಳನೀರು

ತೆಂಗಿನ ಸೀಮೆಯವರಾದ ನಾವು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ವರ್ಷದ ಹತ್ತಿರ ಅಟ್ಟದ ಮೇಲಿದ್ದು ಒಣಗಿದ ಉಂಡೆ ಕೊಬ್ಬರಿಯಲ್ಲಿ 100 ಗ್ರಾಂಗೆ 600ಕ್ಕೂ ಮೀರಿ ಕ್ಯಾಲೊರಿ ಇದೆ. ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಜಿಡ್ಡೇ. ಹಸಿ ಕಾಯಿಯಲ್ಲಿ 100 ಗ್ರಾಂಗೆ 400ರ ಮೇಲಿದೆ. ಸ್ವಲ್ಪದರಲ್ಲೇ ಹೆಚ್ಚು ಶಕ್ತಿ ಸಿಗುವುದರಿಂದ ಹಸಿವು ಕಡಿಮೆ ಇರುವವರಿಗೆ ಅನುಕೂಲ. ಆದರೆ ಕೊಬ್ಬರಿಯಲ್ಲಿ ಪ್ರೋಟೀನ್ ಏಳು ಗ್ರಾಂ ಮಾತ್ರ, ಕಡಲೆಬೀಜದಲ್ಲಿ ಸುಮಾರು 25 ಗ್ರಾಂ. ಬರೀ ಕೊಬ್ಬರಿ ಬೆಲ್ಲ ತಿಂದರೆ ಕೊಬ್ಬು ಸೇರುತ್ತದೆ, ಮಾಂಸಖಂಡ ಬೆಳೆಯುವುದಿಲ್ಲ. ತೆಂಗಿನ ಜಿಡ್ಡು ಹೃದಯದ ಕಾಯಿಲೆ, ಕೊಲೆಸ್ಟ್ರಾಲ್ ಇರುವವರಿಗೆ ಹೆಚ್ಚಾಗಬಾರದು. ಇತರರು ದಿನಕ್ಕೆ 20ರಿಂದ 30 ಗ್ರಾಂ ಕೊಬ್ಬರಿಯನ್ನು ಕಡಲೆ, ಕಡಲೆಬೀಜದ ಜೊತೆ ತಿನ್ನಬಹುದು.

ಎಳನೀರು ದಣಿವಿಗೆ, ಬಾಯಾರಿಕೆಗೆ ಒಳ್ಳೆಯದು. ಆದರೆ ಒಂದು ಎಳನೀರಿನಲ್ಲಿ ಐವತ್ತರವತ್ತು ಕ್ಯಾಲೊರಿ ಇದ್ದರೆ ಹೆಚ್ಚು. ರೋಗಿಗೆ ಬರೀ ಎಳನೀರು ಕುಡಿಸಿ "ಬಲ ಬರುತ್ತೆ" ಎಂದು ಕಾಯುವುದು ಸರಿಯಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು.

ಇನ್ನೊಂದು ಮಾತು. ಒಳ್ಳೆಯ ಕೊಬ್ಬರಿಯನ್ನು ಮಂಡಿಗೆ ಕಳಿಸಿ, ಬೂಷ್ಟು ಹಿಡಿದದ್ದನ್ನು ಮನೆಗೆ ಇಟ್ಟುಕೊಳ್ಳುವವರಿದ್ದಾರೆ. ಬೂಷ್ಟು ಬಂದ ಕೊಬ್ಬರಿ ಮತ್ತು ಕಡಲೆಬೀಜದಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷ ಬೆಳೆಯಬಹುದು. ಅದು ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಅದನ್ನು ತಿನ್ನಲೇಬೇಡಿ.

ಹಾಲೆಲ್ಲ ಡೈರಿಗೆ ಹೋಗದಿರಲಿ

ಹಸು ಕಟ್ಟಿರುವ ಎಷ್ಟೋ ಮನೆಗಳಲ್ಲಿ ಕರೆದ ಹಾಲು ಪೂರ್ತಿ ಡೈರಿಗೆ ಹೋಗುತ್ತದೆ. ಮನೆಯವರಿಗೆ ಉಳಿಯುವುದು ಟೀಗೆ ಹಾಕುವಷ್ಟು. ಹಾಲಿನ ದುಡ್ಡು ಸಂಸಾರಕ್ಕೆ ಬೇಕು, ನಿಜ. ಆದರೆ ಮನೆಯಲ್ಲಿ ಕಡಿಮೆ ತೂಕದವರು, ಬಸುರಿ, ಬಾಣಂತಿ, ಕ್ಷಯದಿಂದ ಏಳುತ್ತಿರುವವರು ಇದ್ದರೆ ಅವರ ಪಾಲಿನ ಅರ್ಧ ಲೀಟರ್ ಹಾಲನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಹಾಕಿ. ಇದೇ ಮಾತು ಮನೆಯಲ್ಲಿ ಬೆಳೆದ ಕಡಲೆಬೀಜಕ್ಕೂ ಅವರೆಕಾಳಿಗೂ ಅನ್ವಯಿಸುತ್ತದೆ.

ಕೊನೆಗೆ ಉಣ್ಣುವವರು ಯಾರು?

ಗಂಡಸರು, ಮಕ್ಕಳು, ಅತ್ತೆ ಮಾವ, ಆಳುಗಳು ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಸೊಸೆ ಉಣ್ಣುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಅಷ್ಟು ಹೊತ್ತಿಗೆ ಕಾಳೂ ಪಲ್ಯವೂ ಮುಗಿದಿರುತ್ತವೆ. ಮುದ್ದೆ ಮತ್ತು ತಿಳಿಸಾರು ಉಳಿದಿರುತ್ತದೆ. ಹೆಣ್ಣುಮಕ್ಕಳ ಕಡಿಮೆ ತೂಕಕ್ಕೂ ರಕ್ತಹೀನತೆಗೂ ಇದು ಒಂದು ಕಾರಣ. ಮಠದ ದಾಸೋಹದಲ್ಲಿ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಒಂದೇ ರೀತಿ ಬಡಿಸುತ್ತಾರೆ. ಮನೆಯಲ್ಲೂ ಹಾಗೆಯೇ ಆಗಲಿ. ಒಟ್ಟಿಗೆ ಕೂರಲು ಆಗದಿದ್ದರೆ ಅಡುಗೆ ಇಳಿಸಿದ ಕೂಡಲೇ ಸೊಸೆಯ ಪಾಲನ್ನು ಬೇರೆ ಪಾತ್ರೆಯಲ್ಲಿ ತೆಗೆದಿಡಿ. ಇದನ್ನು ಮಾಡಿಸಬೇಕಾದವರು ಅತ್ತೆಯವರು ಮತ್ತು ಗಂಡಂದಿರು.

ಕಡಿಮೆ ತೂಕದ ಮಹಿಳೆ ಗರ್ಭಿಣಿಯಾದರೆ ಒಂಬತ್ತು ತಿಂಗಳಲ್ಲಿ ಹನ್ನೆರಡೂವರೆ ಕಿಲೋಗೆ ಕಡಿಮೆಯಾಗದಂತೆ ತೂಕ ಏರುವುದು ಒಳ್ಳೆಯದು. "ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟ" ಎಂದು ಊಟ ಕಡಿಮೆ ಮಾಡಿಸಬೇಡಿ. ಗರ್ಭಿಣಿ, ಬಾಣಂತಿಯರಿಗಾಗಿ ಕರ್ನಾಟಕ ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆಯನ್ನು ಆರಂಭಿಸಿತು. ಅಂಗನವಾಡಿಯಲ್ಲಿ ನಿಮಗೆ ಸಿಗಬೇಕಾದ ಆಹಾರವನ್ನು ಕೇಳಿ ಪಡೆಯಿರಿ.

ಮನೆಯಲ್ಲೇ ಮಾಡಿಕೊಳ್ಳುವ ಬಲದ ಉಂಡೆ

ಬೇಕಾಗುವ ಪದಾರ್ಥ: ರಾಗಿ ಹುರಿಹಿಟ್ಟು 200 ಗ್ರಾಂ, ಹುರಿಗಡಲೆ 100 ಗ್ರಾಂ, ಕಡಲೆಬೀಜ 100 ಗ್ರಾಂ, ಎಳ್ಳು 50 ಗ್ರಾಂ, ತುರಿದ ಕೊಬ್ಬರಿ 50 ಗ್ರಾಂ, ಬೆಲ್ಲ 200 ಗ್ರಾಂ, ಏಲಕ್ಕಿ ಎರಡು.

ಮಾಡುವ ವಿಧಾನ: ಕಡಲೆಬೀಜ ಮತ್ತು ಎಳ್ಳನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಕಡಲೆಬೀಜದ ಸಿಪ್ಪೆ ತೆಗೆದು ತರಿಯಾಗಿ ಕುಟ್ಟಿ. ಹುರಿಗಡಲೆಯನ್ನು ಪುಡಿ ಮಾಡಿ. ಕೊಬ್ಬರಿ ತುರಿಯನ್ನು ಬೆಚ್ಚಗೆ ಮಾಡಿ. ಎಲ್ಲವನ್ನೂ ಹುರಿಹಿಟ್ಟಿನ ಜೊತೆ ಬೆರೆಸಿ. ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ, ಸೋಸಿ, ಅಂಟುವ ಪಾಕ ಬಂದಾಗ ಇಳಿಸಿ ಹಿಟ್ಟಿಗೆ ಬೆರೆಸಿ. ಬಿಸಿ ಇರುವಾಗಲೇ ಇಪ್ಪತ್ತು ಉಂಡೆ ಕಟ್ಟಿ. ಒಣಗಿದ ಡಬ್ಬಿಯಲ್ಲಿಟ್ಟು ಹತ್ತು ದಿನದೊಳಗೆ ಮುಗಿಸಿ. ಕಮಟು ವಾಸನೆ ಬಂದರೆ ತಿನ್ನಬೇಡಿ.

ಒಂದು ಉಂಡೆಯಲ್ಲಿ ಸುಮಾರು 145 ಕ್ಯಾಲೊರಿ, ಮೂರೂವರೆ ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ ಎರಡು ಉಂಡೆ, ಒಂದು ಲೋಟ ಹಾಲು ಸೇರಿದರೆ 400 ಕ್ಯಾಲೊರಿ ದಾಟುತ್ತದೆ. ಹಲ್ಲಿಲ್ಲದವರು ಉಂಡೆ ಕಟ್ಟದೆ ಅದೇ ಪುಡಿಗೆ ಬಿಸಿ ಹಾಲು ಹಾಕಿ ಕಲಸಿ ತಿನ್ನಬಹುದು. ಸಕ್ಕರೆ ಕಾಯಿಲೆ ಇರುವವರು ಬೆಲ್ಲದ ಉಂಡೆಯನ್ನು ತಿನ್ನಬಾರದು. ಅವರು ವೈದ್ಯರ ಸಲಹೆಯಂತೆ ಕಾಳು, ಕಡಲೆಬೀಜ, ಮೊಸರನ್ನು ಹೆಚ್ಚಿಸಿಕೊಳ್ಳಲಿ.

ಒಂದು ದಿನದ ಊಟದ ಕ್ರಮ

ಬೆಳಿಗ್ಗೆ 6.30 – ಹಾಲು ಒಂದು ಲೋಟ, ಬಲದ ಉಂಡೆ ಒಂದು.
ಬೆಳಿಗ್ಗೆ 8.30 – ರಾಗಿ ರೊಟ್ಟಿ ಅಥವಾ ದೋಸೆ ಅಥವಾ ಕಡಲೆಬೀಜ ಹಾಕಿದ ಉಪ್ಪಿಟ್ಟು. ಹುರಿಗಡಲೆ ಚಟ್ನಿ ಅಥವಾ ಹುಚ್ಚೆಳ್ಳು ಚಟ್ನಿಪುಡಿ, ಮೊಸರು.
ಬೆಳಿಗ್ಗೆ 11 – ಬಾಳೆಹಣ್ಣು ಎರಡು, ಹುರಿದ ಕಡಲೆಬೀಜ ಒಂದು ಹಿಡಿ.
ಮಧ್ಯಾಹ್ನ 1.30 – ಮುದ್ದೆ, ಗಟ್ಟಿ ಕಾಳು ಸಾರು, ಸೊಪ್ಪಿನ ಪಲ್ಯ, ಅನ್ನ, ಮೊಸರು.
ಸಂಜೆ 5 – ಕಾಳಿನ ಉಸಲಿ ಒಂದು ಬಟ್ಟಲು, ಬಲದ ಉಂಡೆ ಒಂದು.
ರಾತ್ರಿ 8 – ಮುದ್ದೆ ಅಥವಾ ಚಪಾತಿ, ಬೇಳೆ ಹುಳಿ, ತರಕಾರಿ, ಅನ್ನ, ಒಂದು ಚಮಚ ತುಪ್ಪ.
ಮಲಗುವ ಮುಂಚೆ – ಹಾಲು ಒಂದು ಲೋಟ.

ಒಂದೇ ದಿನದಲ್ಲಿ ಇದನ್ನೆಲ್ಲ ತಿನ್ನಲು ಹೋಗಬೇಡಿ. ಮೊದಲ ವಾರ ಬೆಳಿಗ್ಗೆ 11ರ ತಿಂಡಿಯನ್ನು ರೂಢಿಸಿಕೊಳ್ಳಿ. ಎರಡನೇ ವಾರ ಸಂಜೆಯದನ್ನು ಸೇರಿಸಿ. ಹೀಗೆ ಹೊಟ್ಟೆ ಒಗ್ಗಿಕೊಳ್ಳುತ್ತದೆ. ತೋಟಕ್ಕೆ, ಕೂಲಿಗೆ ಹೋಗುವವರು ಬುತ್ತಿಯ ಜೊತೆ ಕಡಲೆಬೀಜ, ಬಾಳೆಹಣ್ಣು ಕಟ್ಟಿಕೊಂಡು ಹೋದರೆ ಮಧ್ಯದ ಹೊತ್ತು ತಪ್ಪುವುದಿಲ್ಲ.

ಎಚ್ಚರಿಕೆ: ಐದಾರು ದಿನ ಏನೂ ತಿನ್ನದೆ ಇದ್ದವರು ಅಥವಾ ತೀರಾ ಬಡಕಲಾದವರು ಒಮ್ಮೆಲೇ ಹೆಚ್ಚು ತಿಂದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರಿಗೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸ್ವಲ್ಪಸ್ವಲ್ಪವಾಗಿ ಆಹಾರ ಕೊಡಬೇಕು.

ಕೆಲಸ, ವ್ಯಾಯಾಮ, ನಿದ್ದೆ

ಕುಳಿತು ಓದುವ, ಕುಳಿತು ಕೆಲಸ ಮಾಡುವ ಯುವಕ ಯುವತಿಯರು ಆಹಾರದ ಜೊತೆ ವಾರಕ್ಕೆ ಮೂರು ದಿನ ಬಸ್ಕಿ, ದಂಡ, ಭಾರ ಎತ್ತುವಂಥ ವ್ಯಾಯಾಮ ಮಾಡಿದರೆ ತಿಂದದ್ದು ಮಾಂಸಖಂಡವಾಗುತ್ತದೆ. ಇಲ್ಲವಾದರೆ ಹೊಟ್ಟೆ ಮಾತ್ರ ಬರುತ್ತದೆ. ದಿನವಿಡೀ ಮೈಮುರಿದು ದುಡಿಯುವವರಿಗೆ ಬೇರೆ ವ್ಯಾಯಾಮ ಬೇಕಿಲ್ಲ. ಅವರಿಗೆ ಬೇಕಾದದ್ದು ಊಟ ಮತ್ತು ಏಳೆಂಟು ಗಂಟೆ ನಿದ್ದೆ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಒಂದು ಬಾಟಲು ಗ್ಲೂಕೋಸ್ ಹಾಕಿಸಿಕೊಂಡರೆ ಬಲ ಬರುವುದಿಲ್ಲವೇ?
ಉತ್ತರ: ಅರ್ಧ ಲೀಟರಿನ ಸಾಮಾನ್ಯ ಗ್ಲೂಕೋಸ್ ಬಾಟಲಿನಲ್ಲಿ 25 ಗ್ರಾಂ ಸಕ್ಕರೆ ಅಂಶ ಇರುತ್ತದೆ. ಅದರಿಂದ ಸಿಗುವ ಶಕ್ತಿ ಎರಡು ಏಲಕ್ಕಿ ಬಾಳೆಹಣ್ಣಿನಷ್ಟೇ. ಬಾಯಲ್ಲಿ ತಿನ್ನಲಾಗದ ರೋಗಿಗೆ ಬಾಟಲು ಬೇಕಾಗುತ್ತದೆ. ತಿನ್ನಲು ಆಗುವವರು ಆ ಹಣದಲ್ಲಿ ಹಣ್ಣು, ಕಾಳು ಕೊಳ್ಳಲಿ.

ಪ್ರಶ್ನೆ: ಸಂತೆಯಲ್ಲಿ ದಪ್ಪ ಆಗುವ ಪುಡಿ ಮಾರುತ್ತಾರೆ. ತಿಂದವರು ಒಂದೇ ತಿಂಗಳಲ್ಲಿ ದಪ್ಪ ಆಗಿದ್ದಾರಲ್ಲ?
ಉತ್ತರ: ಹೆಸರು, ವಿವರ ಇಲ್ಲದ ಇಂಥ ಪುಡಿ, ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಭವವಿದೆ. ಅದರಿಂದ ಮುಖ ಊದಿಕೊಳ್ಳುತ್ತದೆ, ಮೈಯಲ್ಲಿ ನೀರು ಮತ್ತು ಕೊಬ್ಬು ಸೇರುತ್ತದೆ, ಕೈಕಾಲಿನ ಮಾಂಸ ಕರಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತ ಬರುತ್ತವೆ. ಅಡಗಿದ್ದ ಕ್ಷಯ ಕೆರಳಬಹುದು. ಈಗಾಗಲೇ ಹೆಚ್ಚು ದಿನ ತಿಂದಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ. ಆ ಪುಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಬನ್ನಿ. ಯಾರೂ ಬೈಯುವುದಿಲ್ಲ.

ಪ್ರಶ್ನೆ: ಹಸಿವಿನ ಮಾತ್ರೆ ತೆಗೆದುಕೊಳ್ಳಬಹುದೇ?
ಉತ್ತರ: ಕೆಲವು ಮಾತ್ರೆಗಳು ಹಸಿವು ಹೆಚ್ಚಿಸುತ್ತವೆ. ಜೊತೆಗೆ ತೂಕಡಿಕೆಯನ್ನೂ ತರುತ್ತವೆ. ಬಿಟ್ಟ ಮೇಲೆ ತೂಕ ಮತ್ತೆ ಇಳಿಯುತ್ತದೆ. ಅಂಗಡಿಯಲ್ಲಿ ಕೇಳಿ ನುಂಗಬೇಡಿ.

ಪ್ರಶ್ನೆ: ಡಬ್ಬಿಯ ಪ್ರೋಟೀನ್ ಪುಡಿ ಬೇಕೇ?
ಉತ್ತರ: ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅದೇ ಹಣಕ್ಕೆ ತಿಂಗಳುಗಟ್ಟಲೆ ಆಗುವಷ್ಟು ಕಾಳು, ಕಡಲೆಬೀಜ ಬರುತ್ತದೆ. ವೈದ್ಯರು ಕಾರಣವಿದ್ದು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಪ್ರಶ್ನೆ: ಬೋಂಡ, ಬೇಕರಿ ತಿಂಡಿ, ತಂಪು ಪಾನೀಯದಿಂದ ತೂಕ ಏರುವುದಿಲ್ಲವೇ?
ಉತ್ತರ: ಏರಬಹುದು. ಆದರೆ ಅದು ಹೊಟ್ಟೆಯ ಸುತ್ತ ಸೇರುವ ಕೊಬ್ಬು. ಕೈಕಾಲು ಸಣ್ಣಗೇ ಇದ್ದು ಹೊಟ್ಟೆ ಮುಂದೆ ಬಂದವರಿಗೂ ಸಕ್ಕರೆ ಕಾಯಿಲೆ ಬರುತ್ತದೆ.

ಪ್ರಶ್ನೆ: ಮಗಳು ಸಣ್ಣಗಿದ್ದಾಳೆಂದು ನೋಡಲು ಬಂದವರು ಆಡಿಕೊಳ್ಳುತ್ತಾರೆ. ಏನು ಮಾಡುವುದು?
ಉತ್ತರ: ಮೊದಲು ಪಟ್ಟಿಯಲ್ಲಿ ಅವಳ ತೂಕ ನೋಡಿ. ಸರಿಯಾಗಿದ್ದರೆ ಯಾರ ಮಾತಿಗೂ ಔಷಧಿ ತಿನ್ನಿಸಬೇಕಿಲ್ಲ. ಕಡಿಮೆ ಇದ್ದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಊಟ ಹೆಚ್ಚಿಸುವುದು ಅವಳ ಆರೋಗ್ಯಕ್ಕಾಗಿ ಎಂದು ಅವಳಿಗೂ ತಿಳಿಯಲಿ.

ತೂಕದ ಲೆಕ್ಕ ಇಟ್ಟುಕೊಳ್ಳಿ

ಹದಿನೈದು ದಿನಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಹೊತ್ತು, ಚಪ್ಪಲಿ ಬಿಟ್ಟು ತೂಕ ನೋಡಿಸಿ. ತಾರೀಖು ಹಾಕಿ ನಿಮ್ಮ ಚೀಟಿಯ ಹಿಂಭಾಗದಲ್ಲಿ ಬರೆಸಿಕೊಳ್ಳಿ. ದಿನವೂ ನೋಡಬೇಕಿಲ್ಲ, ಅದರಿಂದ ಚಿಂತೆಯೇ ಹೆಚ್ಚು. ಎರಡು ತಿಂಗಳು ಸರಿಯಾಗಿ ಉಂಡರೂ ತೂಕ ಒಂದು ಕಿಲೋ ಸಹ ಏರದಿದ್ದರೆ, ಅಥವಾ ಇಳಿದರೆ, ಒಳಗೆ ಬೇರೆ ಕಾರಣ ಇದೆಯೆಂದು ತಿಳಿದು ಮತ್ತೆ ಬನ್ನಿ. ಬರುವಾಗ ಹಳೆಯ ಚೀಟಿಗಳನ್ನೂ, ತೆಗೆದುಕೊಳ್ಳುತ್ತಿರುವ ಔಷಧಿಗಳನ್ನೂ ತಪ್ಪದೆ ತನ್ನಿ.